ವಿದ್ಯುತ್ ಕಾರು: ಹೊಸದೋ, ಹಳೆಯದೋ?

— ಸಂಘದ ಕಾರ್ಯದರ್ಶಿಯವರಿಂದ

ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಕಾಫಿ ಮತ್ತು ಅಡಿಕೆಯ ಧಾರಣೆ ವಿಚಾರಿಸಿದ ಮೇಲೆ ಈಚೀಚೆಗೆ ಇನ್ನೊಂದು ಮಾತನ್ನೂ ಕೇಳುತ್ತಿದ್ದಾರೆ. ಕರೆಂಟಿನ ಕಾರು ನಮ್ಮ ಕಡೆಗೆ ಆದೀತೇ? ಕೊಳ್ಳುವುದಾದರೆ ಹೊಸದನ್ನೇ ಕೊಳ್ಳಬೇಕೋ, ಬೆಂಗಳೂರಿನವರು ಮೂರು ನಾಲ್ಕು ವರ್ಷ ಓಡಿಸಿ ಮಾರುವ ಕಾರು ಸಾಕೋ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಉಪಯೋಗವಾಗುವಂತೆ ಇಲ್ಲಿಯೇ ಬರೆಯುವುದು ಲೇಸೆಂದು ತೋರಿತು.

ಮೊದಲಿಗೆ ಒಂದು ಎಚ್ಚರಿಕೆಯ ಮಾತು. 2024ರಲ್ಲಿಯೂ 2025ರ ಆರಂಭದಲ್ಲಿಯೂ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಕೈಯಲ್ಲಿ ನಾಲ್ಕು ಕಾಸು ಇರುವಾಗ ಕಾರಿನ ಯೋಚನೆ ಬರುವುದು ಸಹಜ. ಆದರೆ 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ನಮ್ಮ ಕಾಫಿಗೆ ಬೆಲೆ ಏರಿದಾಗ ಜೀಪು, ಕಾರು ಕೊಂಡವರು ಎಷ್ಟೋ ಮಂದಿ. 2001-02ರ ಸುಮಾರಿಗೆ ಬೆಲೆ ನೆಲಕಚ್ಚಿದಾಗ ಸಾಲದ ಕಂತು ಕಟ್ಟಲಾಗದೆ ಅದೇ ವಾಹನವನ್ನು ಬಂದ ಬೆಲೆಗೆ ಕೊಟ್ಟವರನ್ನೂ ನಾವು ಕಂಡಿದ್ದೇವೆ. ತೋಟ ಒಂದು ಆಸ್ತಿ. ಕಾರು ದಿನದಿನಕ್ಕೆ ಕರಗುವ ವಸ್ತು. ಎಷ್ಟು ವೇಗವಾಗಿ ಕರಗುತ್ತದೆ, ಆ ಕರಗುವಿಕೆಗೆ ನಾವು ವರ್ಷಕ್ಕೆ ಎಷ್ಟು ಹಣ ತೆರುತ್ತೇವೆ ಎಂಬುದನ್ನು ತಿಳಿದು ಕೊಳ್ಳಬೇಕು ಎಂಬುದಷ್ಟೇ ಈ ಲೇಖನದ ಉದ್ದೇಶ.

ಹಳೆಯ ಭಯದ ಮೂಲ

"ಬ್ಯಾಟರಿ ಮೂರು ವರ್ಷಕ್ಕೆ ಹೋಗುತ್ತದೆ, ಆಮೇಲೆ ಕಾರು ಕೋಳಿಗೂಡಿಗೆ ಆಗುತ್ತದೆ" ಎಂಬ ಮಾತು ನಮ್ಮಲ್ಲಿ ಈಗಲೂ ಇದೆ. ಇದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರಿನಲ್ಲಿ ಇದ್ದದ್ದು ಸೀಸ ಮತ್ತು ಆಮ್ಲದ ಬ್ಯಾಟರಿ. ಟ್ರ್ಯಾಕ್ಟರಿನಲ್ಲಿ, ಮನೆಯ ಯು.ಪಿ.ಎಸ್.ನಲ್ಲಿ ಇರುವ ಜಾತಿಯೇ ಅದು. ಅದರ ಆಯುಷ್ಯ ನಮಗೆಲ್ಲ ಗೊತ್ತಿರುವುದೇ. ರೇವಾ ಕಂಪನಿ 2010ರಲ್ಲಿ ಮಹೀಂದ್ರರ ಕೈಸೇರಿ, 2013ರಲ್ಲಿ ಇ2ಓ ಎಂಬ ಕಾರು ಬಂದಾಗ ಅದರಲ್ಲಿ ಲಿಥಿಯಂ ಬ್ಯಾಟರಿ ಇತ್ತು. ಈಗ ಬರುವ ಕಾರುಗಳೆಲ್ಲ ಲಿಥಿಯಂನವೇ.

ಲಿಥಿಯಂ ಬ್ಯಾಟರಿ ಒಂದು ದಿನ ಇದ್ದಕ್ಕಿದ್ದಂತೆ ಸಾಯುವುದು ಅಪರೂಪ. ಅದು ಅಡಿಕೆ ಮರದಂತೆ ನಿಧಾನವಾಗಿ ಫಸಲು ಕಡಿಮೆ ಮಾಡುತ್ತ ಬರುತ್ತದೆ. ಹೊಸದರಲ್ಲಿ 200 ಕಿ.ಮೀ. ಓಡುತ್ತಿದ್ದದ್ದು ಕೆಲವು ವರ್ಷಗಳ ಮೇಲೆ 180, ಆಮೇಲೆ 170 ಎಂದು ಇಳಿಯುತ್ತದೆ. ಬಿಸಿಲಿನ ಝಳ, ಪದೇ ಪದೇ ಮಾಡುವ ಶೀಘ್ರ ಚಾರ್ಜು, ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ ವಾರಗಟ್ಟಲೆ ನಿಲ್ಲಿಸುವುದು, ಈ ಮೂರೂ ಅದರ ಆಯುಷ್ಯವನ್ನು ಕಡಿಮೆ ಮಾಡುತ್ತವೆ. ಮಲೆನಾಡಿನ ತಂಪು ಹವೆ, ರಾತ್ರಿ ಮನೆಯಲ್ಲಿ ನಿಧಾನವಾಗಿ ಮಾಡುವ ಚಾರ್ಜು, ಇವೆರಡೂ ಅದಕ್ಕೆ ಹಿತ. ಆದುದರಿಂದ ಹಳೆಯ ಕಾರು ಕೊಳ್ಳುವವರು ಅದು ಎಷ್ಟು ವರ್ಷದ್ದು ಎಂದು ಕೇಳುವುದರ ಜೊತೆಗೆ ಎಲ್ಲಿ, ಹೇಗೆ ಬಾಳಿದ್ದು ಎಂದೂ ಕೇಳಬೇಕು.

ಬ್ಯಾಟರಿಯನ್ನು ಯೂನಿಟ್ಟಿನಲ್ಲಿ ಅಳೆಯಿರಿ

ಬ್ಯಾಟರಿಯ ಗಾತ್ರವನ್ನು ಕಂಪನಿಯವರು ಕಿಲೋವ್ಯಾಟ್ ಅವರ್ ಎಂದು ಹೇಳುತ್ತಾರೆ. ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೂ ಅದೇ. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿ 30.2 ಯೂನಿಟ್ಟಿನದು. 2022ರಲ್ಲಿ ಬಂದ ಟಿಯಾಗೊ ಕಾರು 19.2 ಮತ್ತು 24 ಯೂನಿಟ್ ಎಂದು ಎರಡು ಬಗೆಯಲ್ಲಿ ಬಂತು. 2023ರ ಎಂ.ಜಿ. ಕಾಮೆಟ್ ಪುಟ್ಟ ಕಾರಿನದು 17.3 ಯೂನಿಟ್. ಈಗ ಹಳೆಯ ಕಾರಿನ ಪೇಟೆಯಲ್ಲಿ ಇವುಗಳೂ ಸಿಗುತ್ತವೆ.

ಕಂಪನಿಯವರು ಹೇಳುವ ದೂರವನ್ನು ಹಾಗೆಯೇ ನಂಬಬಾರದು. ಆ ಮೊದಲ ನೆಕ್ಸಾನಿಗೆ ಹೇಳಿದ್ದು 312 ಕಿ.ಮೀ. ಅದು ಪರೀಕ್ಷಾಲಯದ ಲೆಕ್ಕ. ಅದರ ಮೂರರಲ್ಲಿ ಎರಡು ಪಾಲು, ಅಂದರೆ 200 ಕಿ.ಮೀ. ಚಿಲ್ಲರೆ ನಿಜವಾದ ರಸ್ತೆಯಲ್ಲಿ ಸಿಕ್ಕೀತು ಎಂದು ಹಿಡಿದರೆ ಮೋಸವಿಲ್ಲ. ಸ್ಥೂಲವಾಗಿ ಬ್ಯಾಟರಿಯ ಒಂದು ಯೂನಿಟ್ಟಿಗೆ 7 ಕಿ.ಮೀ. ಎಂದು ನೆನಪಿಟ್ಟುಕೊಂಡರೆ ಯಾವ ಕಾರಿನ ಲೆಕ್ಕವನ್ನಾದರೂ ನಿಂತ ಜಾಗದಲ್ಲಿಯೇ ಹಾಕಬಹುದು.

ಘಟ್ಟದ ಲೆಕ್ಕ ಬೇರೆ

ಬೆಂಗಳೂರಿನವರ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ. ಕಾರಣ ನಮ್ಮ ಘಟ್ಟ. ಮೂಡಿಗೆರೆ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಮಂಗಳೂರು ಕಡಲ ತಡಿಯಲ್ಲಿದೆ. ಜನ, ಸಾಮಾನು ಎಲ್ಲ ಸೇರಿ ಒಂದೂವರೆ ಟನ್ ತೂಗುವ ಕಾರನ್ನು 900 ಮೀಟರ್ ಮೇಲಕ್ಕೆ ಎತ್ತುವುದಕ್ಕೇ ಸುಮಾರು 4 ಯೂನಿಟ್ ಶಕ್ತಿ ಬೇಕು. ಮೋಟಾರಿನ ನಷ್ಟ ಸೇರಿಸಿ 5 ಎನ್ನೋಣ. ಚಾರ್ಮಾಡಿ ಮಾರ್ಗವಾಗಿ ಮಂಗಳೂರಿನಿಂದ ಮೂಡಿಗೆರೆಗೆ ಸುಮಾರು 110 ಕಿ.ಮೀ. ಆ ದೂರಕ್ಕೆ 16 ಯೂನಿಟ್, ಹತ್ತುವುದಕ್ಕೆ 5, ಒಟ್ಟು 21 ಯೂನಿಟ್.

ಈಗ 24 ಯೂನಿಟ್ಟಿನ ಬ್ಯಾಟರಿಯ ಕಾರನ್ನು ಹಿಡಿಯಿರಿ. ಹೊಸದಾದರೆ ಮಂಗಳೂರಿನಲ್ಲಿ ಪೂರ್ತಿ ತುಂಬಿಸಿ ಹೊರಟರೆ ಊರು ಸೇರಿತು, ಆದರೆ ಹೆಚ್ಚು ಉಳಿಯುವುದಿಲ್ಲ. ಅದೇ ಕಾರು ಹಳೆಯದಾಗಿ ಬ್ಯಾಟರಿ ಶೇ. 85ಕ್ಕೆ ಇಳಿದಿದ್ದರೆ ಕೈಯಲ್ಲಿರುವುದು 20 ಯೂನಿಟ್ ಮಾತ್ರ. ಘಟ್ಟದ ಕೆಳಗೆ ಎಲ್ಲಾದರೂ ನಿಲ್ಲಿಸಿ ಚಾರ್ಜು ಮಾಡಿಕೊಂಡೇ ಹತ್ತಬೇಕು. ಮಗುವನ್ನೋ ವೃದ್ಧರನ್ನೋ ಆಸ್ಪತ್ರೆಗೆಂದು ಮಂಗಳೂರಿಗೆ ಕರೆದೊಯ್ದು ರಾತ್ರಿ ಮಳೆಯಲ್ಲಿ ಮರಳುವ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ. ಅದೇ ಹಳೆಯ ಕಾರು ದಿನಾ ಪೇಟೆಗೆ, ಶಾಲೆಗೆ, ಸಂಘಕ್ಕೆ ಎಂದು 40-50 ಕಿ.ಮೀ. ಓಡುವ ಮನೆಗೆ ಧಾರಾಳ ಸಾಕು.

ಇಳಿಯುವಾಗ ಮೋಟಾರು ಹಿಮ್ಮುಖವಾಗಿ ಕೆಲಸ ಮಾಡಿ ಬ್ಯಾಟರಿಗೆ ಸ್ವಲ್ಪ ಶಕ್ತಿಯನ್ನು ಮರಳಿಸುತ್ತದೆ. ಬ್ರೇಕಿನ ಭಾರವೂ ಕಡಿಮೆಯಾಗುತ್ತದೆ. ಆದರೆ ಬ್ಯಾಟರಿ ಮೊದಲೇ ಪೂರ್ತಿ ತುಂಬಿದ್ದರೆ ಆ ಶಕ್ತಿಗೆ ಜಾಗವಿಲ್ಲ. ಘಟ್ಟದ ನೆತ್ತಿಯ ಊರಿನವರು ಕೆಳಗೆ ಹೊರಡುವ ದಿನ ಶೇ. 90ರಷ್ಟು ಮಾತ್ರ ತುಂಬಿಸಿಕೊಂಡು ಹೊರಡುವುದು ಜಾಣತನ.

ವಾರಂಟಿಯ ವರ್ಷಕ್ಕೆ ಎಷ್ಟು ಬಿತ್ತು?

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ ಹೆಚ್ಚಿನ ವಿದ್ಯುತ್ ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ಕಂಪನಿಯ ವಾರಂಟಿ ಇದೆ. ಕಾರಿನಲ್ಲಿ ಅತ್ಯಂತ ದುಬಾರಿ ಭಾಗವೇ ಬ್ಯಾಟರಿ. ಆದುದರಿಂದ ಕಾರಿನ ಬೆಲೆಯನ್ನು ಉಳಿದಿರುವ ವಾರಂಟಿಯ ವರ್ಷಗಳಿಂದ ಭಾಗಿಸಿ ನೋಡುವುದೇ ಸರಿಯಾದ ಕ್ರಮ ಎಂದು ನಮ್ಮ ಅಭಿಪ್ರಾಯ.

ಉದಾಹರಣೆಗೆ, ಹೊಸ ಕಾರಿಗೆ ರಸ್ತೆಗೆ ಇಳಿಯುವಾಗ 10 ಲಕ್ಷ ರೂಪಾಯಿ ಬಿತ್ತೆನ್ನೋಣ. ವಾರಂಟಿ 8 ವರ್ಷ. ವರ್ಷಕ್ಕೆ 1 ಲಕ್ಷ 25 ಸಾವಿರ ಬಿತ್ತು. ಅದೇ ಜಾತಿಯ ನಾಲ್ಕು ವರ್ಷದ ಕಾರಿಗೆ 5 ಲಕ್ಷ ಕೇಳಿದರೆ, ಉಳಿದ 4 ವರ್ಷಕ್ಕೆ ಅಷ್ಟೇ ಬಿತ್ತು. ಅಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆರೂವರೆ ಲಕ್ಷ ಕೇಳಿದರೆ ವರ್ಷಕ್ಕೆ 1 ಲಕ್ಷ 62 ಸಾವಿರ. ಅಂತಹ ಕಾರಿನ ಬಾಗಿಲು ಮುಚ್ಚಿ ಮನೆಗೆ ಬರುವುದು ಒಳ್ಳೆಯದು. ನಾಲ್ಕು ಲಕ್ಷಕ್ಕೆ ಸಿಕ್ಕಿದರೆ ವರ್ಷಕ್ಕೆ 1 ಲಕ್ಷ. ಆಗ ಕುಳಿತು ಮಾತಾಡಬಹುದು. ವಾರಂಟಿ ಮುಗಿದ ಮರುದಿನವೇ ಕಾರು ನಿಲ್ಲುವುದಿಲ್ಲ ನಿಜ. ಆದರೆ ಆಮೇಲೆ ಸಿಗುವ ಓಟವನ್ನು ಎರಡನೇ ಕೊಯ್ಲಿನಂತೆ ತಿಳಿಯಬೇಕು; ಬಂದರೆ ಬಂತು, ಅದನ್ನು ನಂಬಿ ಸಾಲ ಮಾಡಬಾರದು.

ಕಿಲೋಮೀಟರನ್ನು ಮರೆಯಬಾರದು. ಮೂರೇ ವರ್ಷದಲ್ಲಿ 1,20,000 ಕಿ.ಮೀ. ಓಡಿದ ಕಾರಿಗೆ ವಾರಂಟಿ ಉಳಿದಿರುವುದು ಐದು ವರ್ಷವಲ್ಲ, 40,000 ಕಿ.ಮೀ. ಮಾತ್ರ. ಬಾಡಿಗೆಗೆ ಓಡಿದ ಕಾರುಗಳಲ್ಲಿ ಇದು ಸಾಮಾನ್ಯ. ಸ್ವಂತ ಬಳಕೆಯ ವಿದ್ಯುತ್ ಕಾರಿನ ಹಸಿರು ಫಲಕದ ಮೇಲೆ ಬಿಳಿ ಅಕ್ಷರ, ಬಾಡಿಗೆಯದರ ಮೇಲೆ ಹಳದಿ ಅಕ್ಷರ ಇರುತ್ತದೆ. ಫಲಕವನ್ನು ಬದಲಿಸಿರಬಹುದಾದ್ದರಿಂದ ಆರ್.ಸಿ. ಚರಿತ್ರೆಯನ್ನೂ ನೋಡಬೇಕು. ಬಾಡಿಗೆ ಕಾರಿಗೆ ವಾರಂಟಿಯ ಷರತ್ತೇ ಬೇರೆ ಇರಬಹುದು.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಹೊಸ ಕಾರುಗಳಿಗೆ ಈಗ ಬ್ಯಾಟರಿಯ ಮೇಲೆ ಜೀವಾವಧಿ ವಾರಂಟಿ ಎಂದು ಹೇಳುತ್ತಾರೆ. 2024ರಲ್ಲಿ ಬಂದ ಎಂ.ಜಿ. ವಿಂಡ್ಸರ್ ಕಾರಿಗೆ ಅದು ಮೊದಲ ಮಾಲೀಕನಿಗೆ ಮಾತ್ರ. ಕೈ ಬದಲಾದರೆ 8 ವರ್ಷದ ಲೆಕ್ಕಕ್ಕೆ ಇಳಿಯುತ್ತದೆ. ಅದೇ ಕಾರನ್ನು ಬ್ಯಾಟರಿ ಇಲ್ಲದ ಬೆಲೆಗೆ ಕೊಟ್ಟು, ಬ್ಯಾಟರಿಗೆ ಓಡಿದ ಕಿ.ಮೀ.ಗೆ ಇಂತಿಷ್ಟು ಎಂದು ಬಾಡಿಗೆ ಪಡೆಯುವ ಪದ್ಧತಿಯೂ ಬಂದಿತು. ಆರಂಭದಲ್ಲಿ ಅದು ಕಿ.ಮೀ.ಗೆ ಮೂರೂವರೆ ರೂಪಾಯಿ ಇತ್ತು. ಅಂತಹ ಕಾರನ್ನು ಹಳೆಯದಾಗಿ ಕೊಳ್ಳುವಾಗ ಬ್ಯಾಟರಿ ಯಾರದ್ದು, ಅದರ ಬಾಕಿ ಯಾರ ತಲೆಗೆ ಎಂಬುದನ್ನು ಕಾಗದದಲ್ಲಿಯೇ ನೋಡಬೇಕು. ತೋಟ ಕೊಳ್ಳುವಾಗ ಚೇಣಿ ಯಾರಿಗಾದರೂ ಕೊಟ್ಟಿದ್ದೀರಾ ಎಂದು ಕೇಳುವುದಿಲ್ಲವೇ? ಇದೂ ಹಾಗೆಯೇ.

ತೆರಿಗೆಯ ಮಾತು. ಹೊಸ ವಿದ್ಯುತ್ ಕಾರಿಗೆ ಜಿ.ಎಸ್.ಟಿ. ಶೇ. 5. ಹಳೆಯ ಕಾರನ್ನು ನೋಂದಾಯಿತ ವ್ಯಾಪಾರಿಯಿಂದ ಕೊಂಡರೆ ಅವನ ಲಾಭದ ಅಂತರದ ಮೇಲೆ ಶೇ. 18, ಇದು 2025ರ ಜನವರಿಯಿಂದ ಬಂದದ್ದು. ಒಬ್ಬ ಗೃಹಸ್ಥ ಇನ್ನೊಬ್ಬ ಗೃಹಸ್ಥನಿಗೆ ಮಾರಿದರೆ ಈ ತೆರಿಗೆ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ ಅವುಗಳಿಗೂ ವಿದ್ಯುತ್ ಕಾರಿಗೂ ಇದ್ದ ಬೆಲೆಯ ಅಂತರ ಮತ್ತೆ ಹಿಗ್ಗಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವಿದ್ಯುತ್ ಕಾರಿನ ಸಾಲದ ಬಡ್ಡಿಗೆ ಇದ್ದ ಆದಾಯ ತೆರಿಗೆಯ ವಿಶೇಷ ವಿನಾಯಿತಿ 2023ರ ಮಾರ್ಚ್ 31ರವರೆಗೆ ಮಂಜೂರಾದ ಸಾಲಗಳಿಗೆ ಮಾತ್ರ. ಈಗಲೂ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಸ್ತೆ ತೆರಿಗೆಯನ್ನು ಕೊಳ್ಳುವ ದಿನದಲ್ಲಿ ಆರ್.ಟಿ.ಓ. ಕಚೇರಿಯಲ್ಲಿಯೇ ವಿಚಾರಿಸಿ.

ಹಳೆಯ ಕಾರು ನೋಡಲು ಹೋದಾಗ

ಬಣ್ಣ, ಸೀಟು ನೋಡಿ ಮರುಳಾಗಬೇಡಿ. ಕೆಳಗಿನವುಗಳನ್ನು ಒಂದೊಂದಾಗಿ ನೋಡಿ.

1. ಬ್ಯಾಟರಿಯ ಆರೋಗ್ಯ. ಕಂಪನಿಯ ಸರ್ವೀಸ್ ಸ್ಟೇಷನ್ನಿನಲ್ಲಿ ಪರೀಕ್ಷೆ ಮಾಡಿಸಿ, ಶೇಕಡಾ ಎಷ್ಟು ಉಳಿದಿದೆ ಎಂಬ ವರದಿಯನ್ನು ಬರವಣಿಗೆಯಲ್ಲಿ ಕೇಳಿ. ನೀವೂ ಪರೀಕ್ಷಿಸಬಹುದು. ಪೂರ್ತಿ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಶೇ. 40 ಉಳಿಯುವವರೆಗೆ ಓಡಿಸಿ. ಖರ್ಚಾದದ್ದು ಶೇ. 60. ಕಾರಿನ ಪರದೆ 15 ಯೂನಿಟ್ ಖರ್ಚು ಎಂದು ತೋರಿಸಿದರೆ ಪೂರ್ತಿ ಬ್ಯಾಟರಿ 25 ಯೂನಿಟ್ಟಿನದಾಯಿತು. ಹೊಸದರಲ್ಲಿ 30.2 ಇದ್ದದ್ದಾದರೆ ಉಳಿದಿರುವುದು ಸುಮಾರು ಶೇ. 83. ಕಂಪನಿಯವರು ಸ್ವಲ್ಪ ಭಾಗವನ್ನು ಬಳಸಲು ಬಿಡದೆ ಕಾದಿಡುವುದರಿಂದ ಈ ಲೆಕ್ಕ ಒಂದೆರಡು ಶೇಕಡಾ ಆಚೀಚೆ ಆದೀತು. ಆದರೂ ಮಾರುವವನ ಮಾತಿಗಿಂತ ಮೇಲು.

2. ಚಾರ್ಜಿನ ಬಾಯಿ. ಈಗ ಹೆದ್ದಾರಿಯ ಶೀಘ್ರ ಚಾರ್ಜು ಕೇಂದ್ರಗಳಲ್ಲಿ ಕಾರುಗಳಿಗೆ ರೂಢಿಯಲ್ಲಿರುವುದು ಸಿ.ಸಿ.ಎಸ್.-2 ಎಂಬ ಜಾತಿ. ಮಹೀಂದ್ರರ ಇ-ವೆರಿಟೊ, ಟಾಟಾರ ಮೊದಲ ಟಿಗೋರ್ ವಿದ್ಯುತ್ ಕಾರು ಮುಂತಾದ ಹಳೆಯವುಗಳಿಗೆ ಬೇರೆ ಬಾಯಿ ಇತ್ತು. ಅಂತಹದು ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಮನೆಯ ಚಾರ್ಜನ್ನೇ ನಂಬಿರಬೇಕಾಗುತ್ತದೆ.

3. ಕಾರಿನ ತಳ. ಬ್ಯಾಟರಿ ಪೆಟ್ಟಿಗೆ ಇರುವುದು ಕಾರಿನ ಅಡಿಯಲ್ಲಿ. ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿನಿಂದ ನೋಡಿ. ತಗ್ಗಿದ್ದರೆ, ಕಲ್ಲು ಹೊಡೆದು ಸೀಳಿದ್ದರೆ ಬೇಡ. ನಮ್ಮ ತೋಟದ ರಸ್ತೆಯ ಕಲ್ಲು, ಕೊರಕಲು ನೆನಪಿಟ್ಟು ನೆಲದಿಂದ ಎಷ್ಟು ಎತ್ತರ ಇದೆ ಎಂಬುದನ್ನೂ ಅಳೆದು ನೋಡಿ. ಹೊಸ ಕಾರಿಗೂ ಈ ಮಾತು ಸಲ್ಲುತ್ತದೆ.

4. ನೀರು ಕುಡಿದ ಕಾರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ನೆರೆ ಬಂದು ಕಾರುಗಳು ಮುಳುಗಿದ್ದು ನೆನಪಿರಬಹುದು. ಚಾಪೆ ಎತ್ತಿ ಕೆಸರಿನ ಕಲೆ, ಸೀಟಿನ ಕಂಬಿಯ ತುಕ್ಕು, ಮುಗ್ಗಲು ವಾಸನೆ ನೋಡಿ. ವಿಮೆಯ ಕ್ಲೇಮು ಏನಾದರೂ ಆಗಿದೆಯೇ ಎಂದು ಕೇಳಿ. ಬ್ಯಾಟರಿಗೆ ಐ.ಪಿ. 67 ರಕ್ಷಣೆ ಇದೆ ಎನ್ನುತ್ತಾರೆ. ಅದರ ಅರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದಷ್ಟೆ. ಆಷಾಢದಲ್ಲಿ ಹಳ್ಳ ದಾಟಬಹುದು ಎಂದಲ್ಲ.

5. ಸರ್ವೀಸ್ ಪುಸ್ತಕ. ಸರ್ವೀಸ್ ತಪ್ಪಿಸಿದ್ದರೆ, ಹೊರಗಿನವರು ಬ್ಯಾಟರಿ ಅಥವಾ ವೈರು ಬಿಚ್ಚಿದ್ದರೆ ವಾರಂಟಿ ಕೈಬಿಟ್ಟು ಹೋಗಬಹುದು. ಎಷ್ಟು ಶೇಕಡಾಕ್ಕೆ ಇಳಿದರೆ ಕಂಪನಿ ಬ್ಯಾಟರಿ ಸರಿಮಾಡಿ ಕೊಡುತ್ತದೆ ಎಂಬುದನ್ನು ವಾರಂಟಿ ಕಾಗದದಲ್ಲಿ ಓದಿ.

6. ಕಾಗದಪತ್ರ. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30. ಸಾಲ ತೀರಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ. ಕೇರಳದಂತಹ ಹೊರರಾಜ್ಯದ ಕಾರಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ವಾರಂಟಿಯೂ ನಿಮ್ಮ ಹೆಸರಿಗೆ ಆಯಿತೇ ಎಂದು ಕಂಪನಿಯಿಂದ ಖಚಿತ ಮಾಡಿಕೊಂಡ ಮೇಲೆಯೇ ಕೊನೆಯ ಹಣ ಕೊಡಿ.

ಮನೆಯ ಕರೆಂಟು

ಕಾರು ಹೊಸದಿರಲಿ ಹಳೆಯದಿರಲಿ, ಮನೆಯಲ್ಲಿ 15 ಆಂಪಿಯರಿನ ಒಳ್ಳೆಯ ಸಾಕೆಟ್ಟು, ದಪ್ಪ ತಾಮ್ರದ ವೈರು, ಸರಿಯಾದ ಅರ್ತಿಂಗು ಬೇಕೇ ಬೇಕು. ಅರ್ತಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಚಾರ್ಜರುಗಳು ಕೆಲಸವನ್ನೇ ಆರಂಭಿಸುವುದಿಲ್ಲ. ಈ ಸಾಕೆಟ್ಟಿನಲ್ಲಿ 24 ಯೂನಿಟ್ಟಿನ ಬ್ಯಾಟರಿ ತುಂಬಲು 8-9 ಗಂಟೆ ಬೇಕು. ಅಂದರೆ ಒಂದು ರಾತ್ರಿ. ಮನೆಗೆ ಮಂಜೂರಾದ ಲೋಡು 1-2 ಕಿಲೋವ್ಯಾಟ್ ಮಾತ್ರ ಇದ್ದರೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ. ಪಂಪ್‌ಸೆಟ್ಟಿನ ಲೈನಿನಿಂದ ಕಾರಿಗೆ ಎಳೆಯುವುದು ಕಾನೂನಿಗೂ ಸಲ್ಲದು, ಜೀವಕ್ಕೂ ಒಳ್ಳೆಯದಲ್ಲ. ಚಾರ್ಜು ಮಾಡುವ ಜಾಗ ಕಾಫಿ ಚೀಲ, ಅಡಿಕೆ ಸಿಪ್ಪೆ, ಡೀಸೆಲ್ ಡ್ರಮ್ಮುಗಳಿಂದ ದೂರ ಇರಲಿ.

ಖರ್ಚಿನ ಲೆಕ್ಕ ನೋಡೋಣ. ವರ್ಷಕ್ಕೆ 10,000 ಕಿ.ಮೀ. ಓಡಿದರೆ ತಿಂಗಳಿಗೆ ಸುಮಾರು 830. ಚಾರ್ಜಿನ ನಷ್ಟ ಸೇರಿ ಮೀಟರಿನಲ್ಲಿ ಬೀಳುವುದು ಸುಮಾರು 140 ಯೂನಿಟ್. ಇಲ್ಲಿ ಗೃಹಜ್ಯೋತಿಯ ಮಾತು ಬರುತ್ತದೆ. ಮನೆಯ ಬಳಕೆ 90 ಯೂನಿಟ್ ಇದ್ದವರು ಇದುವರೆಗೆ ಬಿಲ್ಲು ಕಟ್ಟಿರಲಿಕ್ಕಿಲ್ಲ. ಕಾರು ಬಂದ ಮೇಲೆ 230 ಆಯಿತು. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ನಮ್ಮದೇ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 1,380 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ. ಈ ಖರ್ಚನ್ನು ಪೂರ್ತಿ ಕಾರಿನ ಲೆಕ್ಕಕ್ಕೇ ಬರೆಯಬೇಕು. ಹಾಗೆ ಬರೆದರೂ, ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರು ಅಷ್ಟೇ ಓಟಕ್ಕೆ 55 ಲೀಟರ್ ಕುಡಿಯುತ್ತದೆ. ಲೀಟರಿಗೆ 100 ರೂಪಾಯಿ ಎಂದರೂ 5,500. ವರ್ಷಕ್ಕೆ 45-50 ಸಾವಿರ ಉಳಿತಾಯ ನಿಜವೇ. ವರ್ಷಕ್ಕೆ 3,000 ಕಿ.ಮೀ. ಮಾತ್ರ ಓಡುವವರಿಗೆ ಈ ಉಳಿತಾಯ ಇಲ್ಲ. ಅವರು ಇರುವ ಕಾರನ್ನೇ ಇಟ್ಟುಕೊಳ್ಳುವುದು ಮೇಲು.

ಮಳೆಗಾಲದಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಯಬಿಡಬಾರದು. ಕೆಲವು ಕಾರುಗಳಲ್ಲಿ, ಉದಾಹರಣೆಗೆ 2023ರ ಸೆಪ್ಟೆಂಬರಿನ ನಂತರದ ನೆಕ್ಸಾನಿನಲ್ಲಿ, ಕಾರಿನಿಂದಲೇ ಮನೆಯ ದೀಪ, ಫ್ಯಾನು ಉರಿಸುವ ಸೌಕರ್ಯವಿದೆ. ಅದಕ್ಕಿಂತ ಹಳೆಯ ನೆಕ್ಸಾನ್ ಕೊಂಡವರಿಗೆ ಅದು ಸಿಗದು.

ಯಾರಿಗೆ ಯಾವುದು?

ಮನೆಯಲ್ಲಿ ಗೊಬ್ಬರ, ಚೀಲ ಸಾಗಿಸಲು ಜೀಪೋ ಪಿಕಪ್ಪೋ ಇದ್ದು, ದಿನದ ಓಡಾಟ 60 ಕಿ.ಮೀ. ಒಳಗೆ ಇರುವವರಿಗೆ ಮೂರು ನಾಲ್ಕು ವರ್ಷದ ಹಳೆಯ ವಿದ್ಯುತ್ ಕಾರು ಯೋಗ್ಯವೆಂದು ನಮಗೆ ತೋರುತ್ತದೆ. ಷರತ್ತು ಮೂರು: ಬ್ಯಾಟರಿಯ ವಾರಂಟಿ ಕನಿಷ್ಠ ನಾಲ್ಕು ವರ್ಷ ಉಳಿದಿರಬೇಕು, ಸಿ.ಸಿ.ಎಸ್.-2 ಬಾಯಿ ಇರಬೇಕು, ಬೆಲೆ ಹೊಸದರ ಅರ್ಧಕ್ಕಿಂತ ಸ್ಪಷ್ಟವಾಗಿ ಕೆಳಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಬಿಡಿ.

ಮನೆಗೆ ಇರುವುದೇ ಒಂದು ವಾಹನ, ತಿಂಗಳಿಗೆ ಎರಡು ಸಲವಾದರೂ ಘಟ್ಟ ಇಳಿದು ಹತ್ತಬೇಕು, ಒಮ್ಮೆ ಕೊಂಡರೆ ಹತ್ತು ವರ್ಷ ಮಾರುವುದಿಲ್ಲ ಎನ್ನುವವರಿಗೆ ಹಳೆಯದು ಬೇಡ. ಅವರು ದೊಡ್ಡ ಬ್ಯಾಟರಿಯ ಹೊಸ ಕಾರನ್ನು ಕೊಳ್ಳಲಿ, ಇಲ್ಲವೇ ಸದ್ಯಕ್ಕೆ ಪೆಟ್ರೋಲನ್ನೇ ನಂಬಲಿ. ಹೊಸದು ಕೊಂಡು ಮೂರೇ ವರ್ಷಕ್ಕೆ ಮಾರುವ ಅಭ್ಯಾಸದವರು ಮಾತ್ರ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುತ್ತಾರೆ. ಅವರು ಕಳೆದುಕೊಂಡದ್ದೇ ಹಳೆಯದು ಕೊಳ್ಳುವವನ ಲಾಭ.

ಕೊನೆಯದಾಗಿ ಕಾರ್ಯದರ್ಶಿಯಾಗಿ ಒಂದು ವಿನಂತಿ. ಬಡ್ಡಿಯಿಲ್ಲದೆ ಸಿಗುವ ಬೆಳೆಸಾಲ ಗೊಬ್ಬರಕ್ಕೆ, ಔಷಧಿಗೆ, ಕೂಲಿಗೆ ಇರುವುದು. ಅದನ್ನು ಕಾರಿನ ಮುಂಗಡಕ್ಕೆ ಹಾಕಿ, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಹೊತ್ತಿಗೆ ಕೈ ಖಾಲಿ ಮಾಡಿಕೊಳ್ಳಬೇಡಿ. ಎರಡು ವರ್ಷ ಧಾರಣೆ ಬಿದ್ದರೂ ಕಟ್ಟಬಲ್ಲ ಕಂತು ಎಷ್ಟೋ ಅಷ್ಟರ ಕಾರು ನಮ್ಮ ಕಾರು. ಹಳೆಯ ಕಾರು ನೋಡಲು ಹೊರಟ ಸದಸ್ಯರು ವಾರಂಟಿಯ ಕಾಗದ, ಬ್ಯಾಟರಿ ವರದಿಯ ಪ್ರತಿಯನ್ನು ಹಣ ಕೊಡುವ ಮೊದಲೇ ಕಚೇರಿಗೆ ತಂದರೆ ಕುಳಿತು ಓದಿ ಹೇಳಲು ನಾವು ಸಿದ್ಧರಿದ್ದೇವೆ. ಈಗಾಗಲೇ ವಿದ್ಯುತ್ ಕಾರು ಓಡಿಸುತ್ತಿರುವ ಸದಸ್ಯರು ಒಂದು ಮಳೆಗಾಲದಲ್ಲಿ ಎಷ್ಟು ಯೂನಿಟ್ಟಿಗೆ ಎಷ್ಟು ಕಿ.ಮೀ. ಬಂತು ಎಂದು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯೊಂದರಲ್ಲಿ ಪ್ರಕಟಿಸುತ್ತೇವೆ. ಕಂಪನಿಯ ಪತ್ರಿಕೆಗಿಂತ ನಮ್ಮ ರಸ್ತೆಯಲ್ಲಿ ಓಡಿಸಿದವರ ಲೆಕ್ಕ ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.